ಹೊಸ ಬುಶ್ ಹಾಕಿದ ಮೇಲೆ ಜಾಸ್ತಿಯಾದ ಸದ್ದು: ಹಳೆಯ ಕಾರಿನ ಮುಂದಿನ ಸಸ್ಪೆನ್ಷನ್‌ನ ಒಂದು ಪ್ರಕರಣ

ಗಾಡಿ ಮತ್ತು ಅದರ ಹಿಂದಿನ ಕಥೆ

14 ವರ್ಷ ಹಳೆಯ ಸಣ್ಣ ಹ್ಯಾಚ್‌ಬ್ಯಾಕ್. ಓಡಿದ್ದು 1,30,000 ಕಿಲೋಮೀಟರ್ ದಾಟಿತ್ತು. ಫ್ರಂಟ್ ವೀಲ್ ಡ್ರೈವ್, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್. ಕಾರಿನ ಹೆಸರು, ಮಾಲೀಕರು ಯಾರು, ಮೊದಲು ಯಾವ ಗ್ಯಾರೇಜಿನಲ್ಲಿ ಕೆಲಸ ಆಗಿತ್ತು ಅನ್ನುವುದನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ತರದ ಸಸ್ಪೆನ್ಷನ್ ಇರುವ ಯಾವ ಹಳೆಯ ಕಾರಿನಲ್ಲಾದರೂ ಹೀಗೆ ಆಗಬಹುದು.

ನಮ್ಮ ಹತ್ತಿರ ಬರುವ ಹೊತ್ತಿಗೆ ಮಾಲೀಕರಿಗೆ ಸಾಕಾಗಿ ಹೋಗಿತ್ತು. "ಮುಂದೆ ಎಡಗಡೆ ಕಟಕ್ ಕಟಕ್ ಅನ್ನುತ್ತೆ. ಬದಲಾಯಿಸಬೇಕಾದ್ದೆಲ್ಲ ಬದಲಾಯಿಸಿ ಆಯ್ತು. ಇನ್ನೇನು ಉಳಿದಿದೆ ಅಂತ ನೀವೇ ಹೇಳಿ" ಅಂದರು. ಒಂದು ಕವರಿನಲ್ಲಿ ಹಳೆಯ ಬಿಲ್ಲುಗಳನ್ನೆಲ್ಲ ಜೋಡಿಸಿ ತಂದಿದ್ದರು. ಇದು ನಮಗೆ ಸಿಕ್ಕ ಮೊದಲ ಅನುಕೂಲ. ಎಷ್ಟೋ ಜನ ಬರೀ "ಎಲ್ಲಾ ಮಾಡ್ಸಿದ್ದೀನಿ" ಅಂತಾರೆ, ಆ ಎಲ್ಲದರಲ್ಲಿ ಏನೇನು ಸೇರಿದೆ ಅಂತ ಅವರಿಗೂ ಗೊತ್ತಿರುವುದಿಲ್ಲ.

ಬಿಲ್ಲುಗಳ ಪ್ರಕಾರ ಮೊದಲು ಎರಡೂ ಕಡೆಯ ಲಿಂಕ್ ರಾಡ್ ಬದಲಾಗಿತ್ತು. ಕೆಲವು ತಿಂಗಳ ನಂತರ ಇನ್ನೊಂದು ಗ್ಯಾರೇಜಿನಲ್ಲಿ ಎರಡೂ ಸ್ಟ್ರಟ್. ಕೊನೆಗೆ ಮೂರನೆಯ ಕಡೆ ಎರಡೂ ಲೋವರ್ ಆರ್ಮ್, ಬಾಲ್ ಜಾಯಿಂಟ್ ಸಮೇತ. ಆ ಕೊನೆಯ ಬಿಲ್ಲಿನ ಕೆಳಗೆ ಸಣ್ಣದಾಗಿ ಇನ್ನೊಂದು ಸಾಲಿತ್ತು: ಸ್ಟೆಬಿಲೈಸರ್ ಬಾರ್ ಬುಶ್, ಎರಡು. ಆ ಸಾಲನ್ನು ನಾವು ಓದಿದೆವು, ಆದರೆ ಅದಕ್ಕಿರುವ ತೂಕ ಗೊತ್ತಾಗಿದ್ದು ಆಮೇಲೆ.

ಈ ಭಾಗಗಳ ಕೆಲಸ ಏನು ಅಂತ ಎರಡು ಮಾತು ಹೇಳಿಬಿಡುತ್ತೇನೆ. ಮ್ಯಾಕ್‌ಫರ್ಸನ್ ವಿನ್ಯಾಸದಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿ ಒಂದೇ ಕಂಬದ ಹಾಗೆ ಇರುತ್ತದೆ. ಅದೇ ಸ್ಟ್ರಟ್. ಅದರ ಮೇಲ್ತುದಿ ಒಂದು ರಬ್ಬರ್ ಮೌಂಟ್ ಮೂಲಕ ನೇರವಾಗಿ ಕಾರಿನ ಬಾಡಿಗೆ ಸೇರುತ್ತದೆ. ಕೆಳಗೆ ಚಕ್ರವನ್ನು ಹಿಂದೆ ಮುಂದೆ ಹೋಗದ ಹಾಗೆ ಹಿಡಿಯುವುದು ಲೋವರ್ ಆರ್ಮ್. ಅದನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲೇ ಬಾಲ್ ಜಾಯಿಂಟ್. ಎಡ ಬಲ ಚಕ್ರಗಳನ್ನು ಒಂದಕ್ಕೊಂದು ಕಟ್ಟುವ ಬಾಗಿದ ಉಕ್ಕಿನ ಸರಳು ಸ್ಟೆಬಿಲೈಸರ್ ಬಾರ್. ಅದರ ಎರಡು ತುದಿಗಳು ಲಿಂಕ್ ರಾಡ್ ಮೂಲಕ ಸ್ಟ್ರಟ್‌ಗೆ ಸೇರಿರುತ್ತವೆ, ಮಧ್ಯದ ಭಾಗ ಎರಡು ರಬ್ಬರ್ ಬುಶ್‌ಗಳಲ್ಲಿ, ಅಂದರೆ ಸರಳನ್ನು ಸುತ್ತಿ ಹಿಡಿಯುವ ರಬ್ಬರ್ ತುಂಡುಗಳಲ್ಲಿ, ಸಬ್‌ಫ್ರೇಮ್ (ಬಾಡಿಯ ಅಡಿಗೆ ಬೋಲ್ಟ್ ಮಾಡಿದ ಉಕ್ಕಿನ ಚೌಕಟ್ಟು) ಮೇಲೆ ಕೂತಿರುತ್ತದೆ. ತಿರುವಿನಲ್ಲಿ ಕಾರು ಒಂದು ಕಡೆ ವಾಲದ ಹಾಗೆ ತಡೆಯುವುದು ಇದರ ಕೆಲಸ.

ಎರಡೂ ಚಕ್ರ ಒಟ್ಟಿಗೆ ಮೇಲೆ ಬಂದರೆ ಈ ಬಾರ್ ತನ್ನ ಬುಶ್‌ನೊಳಗೆ ಸುಮ್ನೆ ತಿರುಗುತ್ತದೆ ಅಷ್ಟೇ. ಒಂದು ಚಕ್ರ ಮಾತ್ರ ಮೇಲೆ ಹೋದಾಗ ಅದು ತಿರುಚಿಕೊಳ್ಳುತ್ತದೆ, ಬುಶ್ ಮೇಲೂ ಲಿಂಕ್ ಮೇಲೂ ಬಲ ಬೀಳುತ್ತದೆ. ಈ ಪ್ರಕರಣ ಮುಕ್ಕಾಲು ಭಾಗ ಬಿಡಿಸಿಕೊಂಡದ್ದು ಇದೊಂದು ವ್ಯತ್ಯಾಸದಿಂದ.

ಒಂದು ಸದ್ದೋ, ಎರಡೋ?

ಸದ್ದು ಹುಡುಕುವ ಮೊದಲು ಗಾಡಿ ಓಡಿಸುವುದಕ್ಕೆ ಸುರಕ್ಷಿತವೇ ಅಂತ ನೋಡಿದೆವು. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆವು. ಅದು ಬಾಲ್ ಜಾಯಿಂಟ್ ಮತ್ತು ವೀಲ್ ಬೇರಿಂಗ್‌ಗೆ. ಆಮೇಲೆ ಎಡ ಬಲ ಅಂಚು ಹಿಡಿದು ಅಲ್ಲಾಡಿಸಿದೆವು. ಅದು ಸ್ಟಿಯರಿಂಗ್ ತಿರುಗಿದಂತೆ ಚಕ್ರ ಹೊರಳಿಸುವ ಟೈ ರಾಡ್ ಎಂಡ್ ಮತ್ತು ಸ್ಟಿಯರಿಂಗ್ ರಾಕ್‌ಗೆ. ಬಾಲ್ ಜಾಯಿಂಟ್ ಕೆಳಗೆ ಲಿವರ್ ಇಟ್ಟು ಮೀಟಿಯೂ ನೋಡಿದೆವು. ಚಕ್ರದ ನಟ್ಟುಗಳು ಬಿಗಿ ಇದ್ದವು. ಯಾವುದರಲ್ಲೂ ಪ್ಲೇ, ಅಂದರೆ ಸಡಿಲ ಅಲುಗಾಟ, ಇರಲಿಲ್ಲ. ಬಾಲ್ ಜಾಯಿಂಟ್ ಕಿತ್ತುಬಂದರೆ ಚಕ್ರವೇ ಮಡಚಿಕೊಳ್ಳುತ್ತದೆ. ಅಂಥ ಗಾಡಿಯನ್ನು ಸದ್ದು ಕೇಳುವುದಕ್ಕೆ ಅಂತ ರಸ್ತೆಗೆ ತೆಗೆದುಕೊಂಡು ಹೋಗಬಾರದು.

ಆಮೇಲೆ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆವು. ಸದ್ದು ಕೇಳಿಸಿದ ತಕ್ಷಣ "ಇದೇ" ಅಂತ ಹೇಳಬೇಕು, ಅಷ್ಟೇ ಅವರ ಕೆಲಸ. ಕಿತ್ತುಹೋದ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಎಡಗಡೆಯಿಂದ ಒಣ ಕಟಕ್ ಸದ್ದು ಬಂತು. "ಇದೇ" ಅಂದರು. ವಾಪಸ್ ಬಂದು ಗಾಡಿ ನಿಲ್ಲಿಸಲು ಬ್ರೇಕ್ ಒತ್ತಿದಾಗ ಕಾಲಿನ ಹತ್ತಿರ ಧಡ್ ಅಂತ ಒಂದು ಮಂದ ಏಟು. ಅದಕ್ಕೂ "ಇದೇ" ಅಂದರು.

ನಮ್ಮ ಕಿವಿಗೆ ಇವೆರಡೂ ಬೇರೆ. ಒಂದು ಗಟ್ಟಿ, ಚುರುಕು. ಇನ್ನೊಂದು ದಪ್ಪ, ಮಂದ. ಒಂದು ರಸ್ತೆಯ ಹಳ್ಳಕ್ಕೆ ಬರುತ್ತದೆ, ಇನ್ನೊಂದು ಬ್ರೇಕಿಗೆ. ಅವರು ಮಾತ್ರ ಎಲ್ಲವನ್ನೂ "ಆ ಸದ್ದು" ಅಂತ ಒಂದೇ ಮಾತಿನಲ್ಲಿ ಸೇರಿಸಿಬಿಟ್ಟಿದ್ದರು. ಅದರಲ್ಲಿ ಅವರ ತಪ್ಪೇನಿಲ್ಲ. ದಿನಾ ಓಡಿಸುವವರಿಗೆ ಕಿರಿಕಿರಿ ಒಂದೇ ಆಗಿರುತ್ತದೆ.

ಆದ್ದರಿಂದ ಬಿಲ್ಲುಗಳನ್ನು ಮತ್ತೆ ಮುಂದಿಟ್ಟುಕೊಂಡು ಕೂತೆವು. ಈ ಸಲ ಏನು ಬದಲಾಯಿತು ಅಂತ ಕೇಳಲಿಲ್ಲ. ಪ್ರತಿ ಕೆಲಸದ ನಂತರ ಸದ್ದು ಏನಾಯಿತು ಅಂತ ಕೇಳಿದೆವು. ಹೋಯಿತಾ, ಕಡಿಮೆಯಾಯಿತಾ, ಹಾಗೇ ಉಳಿಯಿತಾ, ಜಾಸ್ತಿಯಾಯಿತಾ? ಅವರು ಯೋಚನೆ ಮಾಡಿ ಮಾಡಿ ಹೇಳಿದರು. ಲಿಂಕ್ ರಾಡ್ ಹಾಕಿದ ಮೇಲೆ ಅರ್ಧಕ್ಕರ್ಧ ಕಡಿಮೆ ಆಗಿತ್ತು. ಸ್ಟ್ರಟ್ ಹಾಕಿದ ಮೇಲೆ ಗಾಡಿ ಮೆತ್ತಗೆ ಓಡಿತು, ಆದರೆ ಸದ್ದು ಹಾಗೇ ಇತ್ತು. ಲೋವರ್ ಆರ್ಮ್ ಹಾಕಿದ ಮೇಲೆ ಕಟಕ್ ಸದ್ದು ಮೊದಲಿಗಿಂತ ಜಾಸ್ತಿಯಾಯಿತು. "ನಾನು ವಾಪಸ್ ಹೋಗಿ ಹೇಳಿದೆ. ಹೊಸ ಬುಶ್ ಅಲ್ವಾ, ಸ್ವಲ್ಪ ಓಡಿದರೆ ಸೆಟ್ ಆಗುತ್ತೆ ಅಂದರು."

ಬ್ರೇಕ್ ಹಾಕಿದಾಗಿನ ಧಡ್? ಅದಕ್ಕೆ ಉತ್ತರ ಕೊಟ್ಟಿದ್ದು ಅವರ ಮಗಳು. ಗಾಡಿಯನ್ನು ಆಕೆಯೂ ಓಡಿಸುತ್ತಿದ್ದರು. "ಅದು ಮೊದಲು ಇರಲಿಲ್ಲ ಅಪ್ಪಾ. ಆರ್ಮ್ ಹಾಕಿಸಿಕೊಂಡು ಬಂದ ಮೇಲೆ, ಒಂದೆರಡು ತಿಂಗಳು ಬಿಟ್ಟು ಶುರುವಾಗಿದ್ದು."

ನನ್ನ ಪ್ರಕಾರ ಈ ಪ್ರಕರಣದ ನಿಜವಾದ ತಿರುವು ಇದೇ. ಇನ್ನೂ ಒಂದು ಬೋಲ್ಟ್ ಬಿಚ್ಚಿರಲಿಲ್ಲ. ಆದರೂ ಎರಡು ದೋಷ, ಎರಡು ಬೇರೆ ಹುಟ್ಟು ಅಂತ ಗೊತ್ತಾಗಿತ್ತು. ಒಂದು ಹಳೆಯದು, ದುರಸ್ತಿಯಿಂದ ಜಾಸ್ತಿಯಾದದ್ದು. ಇನ್ನೊಂದು ದುರಸ್ತಿಯಿಂದಲೇ ಹುಟ್ಟಿದ್ದು ಇರಬಹುದು. ಅಂದರೆ ಹೊಸದಾಗಿ ಹಾಕಿದ ಭಾಗಗಳನ್ನು ಸಂಶಯದ ಪಟ್ಟಿಯಿಂದ ಹೊರಗಿಡುವ ಹಾಗಿಲ್ಲ. ಎರಡನೆಯ, ಮೂರನೆಯ ಗ್ಯಾರೇಜಿನವರು ಹಾಗೆ ಹೊರಗಿಟ್ಟೇ ಮುಂದಕ್ಕೆ ಹೋಗಿದ್ದರು. ಇದು ಹೊಸದು, ಹಾಗಾದರೆ ಬೇರೆ ಏನೋ ಇರಬೇಕು ಅನ್ನುವ ಲೆಕ್ಕ.

ಕಟಕ್ ಸದ್ದಿನ ಹಿಂದೆ

ಮೊದಲು ಕಟಕ್ ಸದ್ದನ್ನು ಹಿಡಿದುಕೊಂಡೆವು. ಅದು ಯಾವಾಗ ಬರುತ್ತದೆ ಅನ್ನುವುದಕ್ಕಿಂತ ಯಾವಾಗ ಬರುವುದಿಲ್ಲ ಅನ್ನುವುದು ಹೆಚ್ಚು ಉಪಯೋಗಕ್ಕೆ ಬಂತು.

ಗಂಟೆಗೆ 15-20 ಕಿಲೋಮೀಟರ್ ವೇಗದಲ್ಲಿ ಎಡ ಚಕ್ರ ಮಾತ್ರ ಉಬ್ಬಿನ ಮೇಲೆ ಹೋಗುವ ಹಾಗೆ ಓಡಿಸಿದೆವು. ಪ್ರತಿ ಸಲ ಕಟಕ್. ಬಲ ಚಕ್ರ ಮಾತ್ರ ಹತ್ತಿಸಿದಾಗಲೂ ಎಡಗಡೆಯೇ ಸಣ್ಣದಾಗಿ ಕೇಳಿಸಿತು. ಇದು ವಿಚಿತ್ರ ಅನ್ನಿಸಬೇಕಾದ ಸಂಗತಿ. ಆಮೇಲೆ ರಸ್ತೆಗೆ ಅಡ್ಡಲಾಗಿ ಪೂರ್ತಿ ಹಾಕಿದ ಹಂಪ್ ಮೇಲೆ ನೇರವಾಗಿ, ಎರಡೂ ಚಕ್ರ ಒಟ್ಟಿಗೆ ಹತ್ತುವ ಹಾಗೆ ಹೋದೆವು. ಹೆಚ್ಚುಕಡಿಮೆ ಸದ್ದೇ ಇಲ್ಲ.

ಬ್ರೇಕ್ ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟುಕೊಂಡು ಅದೇ ಹಳ್ಳಗಳ ಮೇಲೆ ಓಡಿಸಿದೆವು. ಬ್ರೇಕ್ ಪ್ಯಾಡ್ ಅಥವಾ ಕ್ಯಾಲಿಪರ್ ಅಲ್ಲಾಡುತ್ತಿದ್ದರೆ ಸಾಮಾನ್ಯವಾಗಿ ಇದರಿಂದ ಸದ್ದು ನಿಲ್ಲುತ್ತದೆ. ಇಲ್ಲಿ ನಿಲ್ಲಲಿಲ್ಲ. ನಿಂತಲ್ಲೇ ಸ್ಟಿಯರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ, ಸ್ಪ್ರಿಂಗ್ ಸುರುಳಿಯ ಮೇಲೆ ಬೆರಳಿಟ್ಟು ನೋಡಿದೆವು. ಮೌಂಟ್‌ನ ಬೇರಿಂಗ್ ಹಿಡಿದುಕೊಂಡಿದ್ದರೆ ಸ್ಪ್ರಿಂಗ್ ಸುತ್ತಿಕೊಂಡು ಒಮ್ಮೆಲೇ ಎಗರುತ್ತದೆ. ಹಾಗೇನೂ ಆಗಲಿಲ್ಲ. ಸ್ಟಿಯರಿಂಗನ್ನು ಚಿಕ್ಕದಾಗಿ, ಬೇಗ ಬೇಗ ಆ ಕಡೆ ಈ ಕಡೆ ಆಡಿಸಿದಾಗ ರಾಕ್ ಕಡೆಯಿಂದ ಸದ್ದಿಲ್ಲ.

ಒಂದು ಚಕ್ರ ಎದ್ದರೆ ಸದ್ದು, ಎರಡೂ ಒಟ್ಟಿಗೆ ಎದ್ದರೆ ಇಲ್ಲ. ಬಲ ಚಕ್ರ ಎದ್ದರೂ ಎಡಗಡೆ ಸದ್ದು. ಎರಡು ಕಡೆಯನ್ನೂ ಕಟ್ಟಿರುವ ಭಾಗ ಒಂದೇ, ಸ್ಟೆಬಿಲೈಸರ್ ಬಾರ್.

ಆದರೂ ಇಲ್ಲಿ ಒಂದು ಅಡ್ಡದಾರಿ ಎದುರಾಯಿತು. ಬಾನೆಟ್ ತೆಗೆದು, ಎಡ ಸ್ಟ್ರಟ್‌ನ ಮೇಲ್ತುದಿಯ ಮೇಲೆ ಕೈಯಿಟ್ಟು, ಇನ್ನೊಬ್ಬರಿಂದ ಗಾಡಿಯ ಮೂಲೆಯನ್ನು ಒತ್ತಿಸಿ ಬಿಡಿಸಿದೆವು. ಪ್ರತಿ ಸಲ ಅಂಗೈಗೆ ಟಕ್ ಅಂತ ಏಟು. ಮೌಂಟ್‌ನ ರಬ್ಬರಿನಲ್ಲಿ ಸಣ್ಣ ಬಿರುಕೂ ಕಂಡಿತು. ನಮ್ಮ ಜೊತೆ ಕೆಲಸ ಮಾಡುವ ಹುಡುಗ "ಅಣ್ಣಾ, ಸಿಕ್ತು! ಮೌಂಟೇ ಹೋಗಿರೋದು. ಸ್ಟ್ರಟ್ ಹಾಕಿದವರು ಹಳೇ ಮೌಂಟನ್ನೇ ಬಿಟ್ಟಿದ್ದಾರೆ" ಅಂದ. ಅವನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಸ್ಟ್ರಟ್ ಬಿಚ್ಚಿದಾಗ ಮೌಂಟ್ ಹೊಸದು ಹಾಕಿಬಿಡುವುದು ಒಳ್ಳೆಯ ಪದ್ಧತಿ. ಕೈಗೆ ಏಟು ಬೇರೆ ಸಿಗುತ್ತಿದೆ.

ಆದರೆ ಮೌಂಟ್ ಹೋಗಿದ್ದರೆ ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದಾಗ ಅದು ಇನ್ನೂ ಜೋರಾಗಿ ಹೊಡೆಯಬೇಕಿತ್ತು. ಆಗ ಎರಡೂ ಸ್ಟ್ರಟ್ ಪೂರ್ತಿ ಕೆಲಸ ಮಾಡುತ್ತಿರುತ್ತವೆ. ರಸ್ತೆಯಲ್ಲಿ ಸಿಕ್ಕ ಉತ್ತರಕ್ಕೂ ಕೈಗೆ ಸಿಕ್ಕ ಉತ್ತರಕ್ಕೂ ತಾಳೆ ಆಗುತ್ತಿರಲಿಲ್ಲ.

ಕಾರಣ ಸದ್ದು ಹೋಗುವ ದಾರಿಯಲ್ಲಿದೆ. ಲಿಂಕ್ ರಾಡ್‌ನ ಮೇಲಿನ ತುದಿ ಸ್ಟ್ರಟ್‌ಗೇ ಬೋಲ್ಟ್ ಆಗಿರುತ್ತದೆ. ಬಾರ್ ಎಲ್ಲಿ ಬಡಿದರೂ ಆ ಏಟು ಲಿಂಕ್ ಹತ್ತಿ, ಸ್ಟ್ರಟ್ ಹತ್ತಿ, ಮೌಂಟ್ ದಾಟಿ ಬಾಡಿಗೆ ಬರುತ್ತದೆ. ಅಲ್ಲಿ ತಗಡಿನ ದೊಡ್ಡ ಹಾಳೆಗಳಿವೆ. ಡ್ಯಾಶ್‌ಬೋರ್ಡ್ ಪಕ್ಕದಲ್ಲೇ ಕೂತವರಿಗೆ ಸದ್ದು ಅಲ್ಲಿಂದಲೇ ಹುಟ್ಟಿದ ಹಾಗೆ ಕೇಳಿಸುತ್ತದೆ. ಸ್ಟ್ರಟ್ ಮೇಲ್ತುದಿಯನ್ನು ನೇರವಾಗಿ ಬಾಡಿಗೆ ಸೇರಿಸುವ ಈ ಜೋಡಣೆಯನ್ನು 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸುಲ್ ಮತ್ತು ಝೆಫಿರ್ ಕಾರುಗಳಲ್ಲಿ ಬಳಸಿದರು. ಜಾಗ ಉಳಿಯುತ್ತದೆ, ಭಾಗಗಳು ಕಡಿಮೆ, ಆದ್ದರಿಂದ ಇವತ್ತಿಗೂ ಸಣ್ಣ ಕಾರುಗಳಲ್ಲಿ ಇದೇ ಇದೆ. ಸದ್ದು ಹುಡುಕುವವರಿಗೆ ಮಾತ್ರ ಇದು ತಲೆನೋವು. ಎರಡನೆಯ ಗ್ಯಾರೇಜಿನವರು ಸ್ಟ್ರಟ್ ಬದಲಾಯಿಸಿದ್ದು ಬಹುಶಃ ಇದೇ ಏಟನ್ನು ನಂಬಿಕೊಂಡು.

ಕೈಗೆ ಸಿಗುವ ಏಟು "ಇಲ್ಲಿ ಹುಟ್ಟಿತು" ಅಂತ ಹೇಳುವುದಿಲ್ಲ, "ಇಲ್ಲಿ ಹಾದುಹೋಯಿತು" ಅಂತ ಮಾತ್ರ ಹೇಳುತ್ತದೆ. ಈ ಕೆಲಸಕ್ಕೆ ತಂತಿ ಇರುವ ಕ್ಲಿಪ್ ಮೈಕುಗಳೂ ಸಿಗುತ್ತವೆ. ಬೇರೆ ಬೇರೆ ಭಾಗಕ್ಕೆ ಸಿಕ್ಕಿಸಿ, ಓಡಿಸುತ್ತಾ ಹೆಡ್‌ಫೋನಿನಲ್ಲಿ ಕೇಳಬಹುದು. ಅದೂ ಎಲ್ಲಿ ಜೋರಾಗಿದೆ ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ಲಿಂಕ್ ಬಿಚ್ಚಿ ಓಡಿಸಿದ್ದು

ಮೌಂಟ್ ಬದಲಾಯಿಸಿ ನೋಡುವುದೋ, ಬಾರನ್ನು ಕೆಲಸದಿಂದ ಹೊರಗಿಟ್ಟು ನೋಡುವುದೋ? ಮೊದಲನೆಯದಕ್ಕೆ ಹೊಸ ಭಾಗ ಬೇಕು, ಸ್ಪ್ರಿಂಗ್ ಒತ್ತಿ ಹಿಡಿದು ಬಿಚ್ಚಬೇಕು. ಎರಡನೆಯದಕ್ಕೆ ನಾಲ್ಕು ನಟ್ಟು ಬಿಚ್ಚಿದರೆ ಸಾಕು. ಎರಡನೆಯದನ್ನೇ ಆರಿಸಿಕೊಂಡೆವು.

ಎರಡೂ ಕಡೆಯ ಲಿಂಕ್ ರಾಡ್‌ಗಳನ್ನು ಪೂರ್ತಿ ತೆಗೆದೆವು. ಒಂದೇ ಕಡೆ ತೆಗೆದರೂ ಬಾರ್ ತಿರುಚಿಕೊಳ್ಳುವುದು ನಿಲ್ಲುತ್ತದೆ, ಆದರೆ ಇನ್ನೊಂದು ಲಿಂಕ್ ಬಾರನ್ನು ಎಳೆದಾಡುತ್ತಾ ಇರುತ್ತದೆ, ಉತ್ತರ ಚೊಕ್ಕವಾಗಿ ಸಿಗುವುದಿಲ್ಲ. ಒಂದು ತುದಿ ಬಿಚ್ಚಿ ಜೋತುಬಿಡುವುದಂತೂ ಬೇಡವೇ ಬೇಡ. ಅದು ಟೈರಿಗೋ ಬ್ರೇಕ್ ಪೈಪಿಗೋ ತಗುಲಬಹುದು. ಬಾರ್‌ನ ತುದಿಗಳು ಏನನ್ನೂ ಮುಟ್ಟದ ಹಾಗೆ ಕಟ್ಟಿ, ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿದೆವು. ಬಾರ್ ಇಲ್ಲದ ಗಾಡಿ ತಿರುವಿನಲ್ಲಿ ಚೆನ್ನಾಗಿಯೇ ವಾಲುತ್ತದೆ. ಇದು ಪರೀಕ್ಷೆಗೆ ಮಾತ್ರ, ಹಾಗೇ ಮನೆಗೆ ಓಡಿಸಿಕೊಂಡು ಹೋಗುವುದಕ್ಕಲ್ಲ.

ಅದೇ ಹಳ್ಳ, ಅದೇ ವೇಗ. ಕಟಕ್ ಇಲ್ಲ. ಮಾಲೀಕರು ಕಿಟಕಿ ಇಳಿಸಿ ಕಿವಿ ಹೊರಗಿಟ್ಟು ಕೇಳಿದರು. ಬ್ರೇಕಿನ ಧಡ್ ಮಾತ್ರ ಹಾಗೇ ಇತ್ತು. ಎರಡು ಸದ್ದು ಬೇರೆ ಬೇರೆ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ.

ಹುಡುಗನ ಮುಖ ಸಪ್ಪಗಾಯಿತು. ಆದರೆ ಅವನು ಕೇಳಿದ ಪ್ರಶ್ನೆ ಸರಿಯಾಗಿತ್ತು. "ಹಾಗಾದ್ರೆ ಅಣ್ಣಾ, ಲಿಂಕೂ ಹೊಸದು, ಬುಶ್ಶೂ ಹೊಸದು. ಬಡೀತಿರೋದು ಏನು?"

ಲಿಂಕನ್ನು ಕೈಯಲ್ಲಿ ಹಿಡಿದು ನೋಡಿದೆವು. ಎರಡೂ ತುದಿಯ ಬಾಲ್‌ಗಳು ಬಿಗಿಯಾಗಿ, ಒಂದೇ ಸಮನಾಗಿ ತಿರುಗುತ್ತಿದ್ದವು. ಲಿಂಕ್‌ನಲ್ಲಿ ದೋಷ ಇಲ್ಲ. ಇಲ್ಲಿ ಒಂದು ಮಾತು. ಲಿಂಕ್‌ನ ಪ್ಲೇ ನೋಡಲು ಒಂದೇ ಚಕ್ರ ಜಾಕ್ ಹಾಕಿ ಎತ್ತಿ ಅಲ್ಲಾಡಿಸುವವರು ಬಹಳ. ಹಾಗೆ ಎತ್ತಿದಾಗ ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಎಳೆದಿಟ್ಟಿರುತ್ತದೆ. ಸವೆದ ಲಿಂಕೂ ಆಗ ಗಟ್ಟಿಯಾಗಿಯೇ ಕಾಣುತ್ತದೆ. ಎರಡೂ ಚಕ್ರ ಒಂದೇ ಮಟ್ಟದಲ್ಲಿ ಇರಬೇಕು. ಗ್ಯಾರೇಜಿನಲ್ಲಿ ಇಳಿದು ಅಡಿಯಿಂದ ನೋಡುವ ಗುಂಡಿಯ ಮೇಲೆ ಗಾಡಿ ತನ್ನ ಚಕ್ರಗಳ ಮೇಲೇ ನಿಂತಿದ್ದರೆ ಇನ್ನೂ ಒಳ್ಳೆಯದು.

ಉಳಿದದ್ದು ಬುಶ್. ಗುಂಡಿಗೆ ಇಳಿದು, ಎಡ ಬುಶ್‌ನ ಪಕ್ಕದಲ್ಲಿ ಬಾರನ್ನು ಕೈಯಲ್ಲಿ ಹಿಡಿದು ಮೇಲಕ್ಕೆ ಎಳೆದರೆ ಸಣ್ಣದಾಗಿ ಟಕ್ ಅಂದಿತು. ಲಿವರ್ ಕೂಡ ಬೇಕಾಗಲಿಲ್ಲ. ಬ್ರಾಕೆಟ್ ಬಿಚ್ಚಿ ಬುಶ್ ಹೊರಗೆ ತೆಗೆದೆವು. ರಬ್ಬರ್ ನೋಡಲು ಹೊಸದರ ಹಾಗೆಯೇ ಇತ್ತು. ಒಂದು ಬದಿಯಲ್ಲಿ ಅಚ್ಚು ಹಾಕಿದ ಅಂಕೆ, 23.

ವರ್ನಿಯರ್ (ದಪ್ಪ ಅಳೆಯುವ ಸಾಧನ) ತಂದು ಬಾರ್ ಅಳೆದೆವು. ಬುಶ್‌ನಿಂದ ದೂರ, ಬಣ್ಣ ಕೆರೆದ ಜಾಗದಲ್ಲಿ 22 ಮಿಲಿಮೀಟರ್. ಬಲ ಬುಶ್ ಕೂರುವ ಜಾಗದಲ್ಲಿ 21.6. ಎಡ ಬುಶ್ ಕೂರುವ ಜಾಗದಲ್ಲಿ ತುಕ್ಕು ಹಿಡಿದು ಕುಳಿ ಬಿದ್ದಿತ್ತು. ಅಲ್ಲಿ ಅಳತೆ 20.8.

ಎರಡು ಸಂಗತಿ ಒಟ್ಟಿಗೆ ಸೇರಿದ್ದವು. ಈ ಮಾಡೆಲ್ ಎರಡು ದಪ್ಪದ ಬಾರ್‌ಗಳಲ್ಲಿ ಬಂದಿತ್ತು, ವೇರಿಯಂಟ್ ನೋಡಿಕೊಂಡು 22 ಅಥವಾ 23. ಅಂಗಡಿಯಿಂದ ಬಂದ ಬುಶ್ ಇನ್ನೊಂದು ವೇರಿಯಂಟಿನದು. ಅದಕ್ಕಿಂತ ಮೊದಲೇ, ವರ್ಷಗಟ್ಟಲೆ ಬುಶ್‌ನೊಳಗೆ ಮಣ್ಣು ನೀರು ಸೇರಿ ಬಾರ್ ಸವೆದಿತ್ತು. ಹಳೆಯ ಬುಶ್ ಗಟ್ಟಿಯಾಗಿದ್ದರೂ ಅದೇ ಬಾರ್ ಜೊತೆ ಸವೆದು ಹೊಂದಿಕೊಂಡಿತ್ತು, ಸದ್ದು ಸಣ್ಣದಿತ್ತು. ಅದನ್ನು ತೆಗೆದು 23ರ ಬುಶ್ ಹಾಕಿದಾಗ ಎಡಗಡೆ ಎರಡು ಮಿಲಿಮೀಟರಿಗೂ ಜಾಸ್ತಿ ಸಡಿಲ. ದೊಡ್ಡ ಸೈಜಿನ ಚಪ್ಪಲಿ ಹಾಕಿಕೊಂಡು ನಡೆದ ಹಾಗೆ, ಪ್ರತಿ ಹೆಜ್ಜೆಗೂ ಬಡಿತ. ಹೊಸ ಬುಶ್ ಬಂದ ಮೇಲೆ ಸದ್ದು ಜಾಸ್ತಿಯಾಯಿತು ಅಂತ ಮಾಲೀಕರು ಹೇಳಿದ್ದು ಅಕ್ಷರಶಃ ನಿಜ. "ಸೆಟ್ ಆಗುತ್ತೆ" ಅನ್ನುವ ಉತ್ತರ ಅವರಿಗೆ ಸಿಗಬಾರದಿತ್ತು. ಭಾಗ ಹಾಕಿದ ಮೇಲೆ ಸದ್ದು ಜಾಸ್ತಿಯಾದರೆ ಅದು ದೂರಲ್ಲ, ಸುಳಿವು.

ಬ್ರೇಕ್ ಹಾಕಿದಾಗಿನ ಧಡ್

ಇದರಲ್ಲಿ ಹೆಚ್ಚು ಸುತ್ತಾಟ ಇರಲಿಲ್ಲ. ನಡಿಗೆಯ ವೇಗದಲ್ಲಿ ಮುಂದಕ್ಕೆ ಹೋಗಿ ಬ್ರೇಕ್ ಹಾಕಿದರೆ ಒಂದು ಧಡ್. ಮತ್ತೆ ಮುಂದಕ್ಕೇ ಹೋಗಿ ಬ್ರೇಕ್ ಹಾಕಿದರೆ ಸಣ್ಣದು. ರಿವರ್ಸ್ ಹೋಗಿ ಬ್ರೇಕ್ ಹಾಕಿದರೆ ಮತ್ತೆ ಜೋರಾದ ಧಡ್. ಏನೋ ಒಂದು ಭಾಗ ಹಿಂದೆ ಮುಂದೆ ಸರಿದು ಕೂರುತ್ತಿದೆ ಅಂತ ಅರ್ಥ. ಹಿಂದಿನ ಚಕ್ರಗಳನ್ನು ಹಿಡಿಯುವ ಹ್ಯಾಂಡ್‌ಬ್ರೇಕ್ ಮಾತ್ರ ಎಳೆದು ನಿಲ್ಲಿಸಿದರೆ ಸದ್ದಿಲ್ಲ.

ಇಂಥ ಸದ್ದಿಗೆ ಸಂಶಯ ಬೀಳುವುದು ಬ್ರೇಕ್ ಪ್ಯಾಡ್, ಲೋವರ್ ಆರ್ಮ್‌ನ ಹಿಂದಿನ ಬುಶ್ (ಬಾರ್‌ನದಲ್ಲ, ಆರ್ಮ್‌ನದೇ ಬೇರೆ ಬುಶ್), ಸಬ್‌ಫ್ರೇಮ್ ಬೋಲ್ಟ್, ಇಂಜಿನ್ ಮೌಂಟ್, ಇವುಗಳ ಮೇಲೆ. ಪ್ಯಾಡ್‌ಗಳು ತಮ್ಮ ಕ್ಲಿಪ್ಪಿನಲ್ಲಿ ಬಿಗಿಯಾಗಿ ಕೂತಿದ್ದವು, ಕ್ಯಾಲಿಪರ್ ಪಿನ್‌ಗಳೂ ಸರಿ ಇದ್ದವು. ಬಾನೆಟ್ ತೆಗೆದಿಟ್ಟು ಕ್ಲಚ್ ಅರ್ಧ ಬಿಟ್ಟಾಗ ಇಂಜಿನ್ ಅತಿಯಾಗಿ ವಾಲಲಿಲ್ಲ. ಸಬ್‌ಫ್ರೇಮ್ ಬೋಲ್ಟ್‌ಗಳಿಗೆ ಟಾರ್ಕ್ ರೆಂಚ್ (ಬಿಗಿ ಅಳೆಯುವ ಸ್ಪ್ಯಾನರ್) ಹಾಕಿ ನೋಡಿದೆವು, ಕದಲಲಿಲ್ಲ.

ಆರ್ಮ್ ಬುಶ್ ನೋಡಲು ಫೋನ್ ಕ್ಯಾಮೆರಾ ಬಳಸಿದೆವು. ಅಡಿಯಲ್ಲಿ ಗಟ್ಟಿಯಾಗಿ ಕಟ್ಟಿ, ಬುಶ್ ಕಡೆ ಮುಖ ಮಾಡಿ, ವೀಡಿಯೊ ಚಾಲೂ ಮಾಡಿ, ಅಂಗಳದಲ್ಲೇ ಹಿಂದೆ ಮುಂದೆ ಓಡಿಸಿ ಬ್ರೇಕ್ ಹಾಕಿದೆವು. ಓಡುವ ಗಾಡಿಯ ಅಡಿ ಮನುಷ್ಯ ಮಲಗಿ ನೋಡುವ ಕೆಲಸ ಇದಲ್ಲ. ಎಡಗಡೆಯ ವೀಡಿಯೊದಲ್ಲಿ ಆರ್ಮ್‌ನ ಹಿಂದಿನ ತುದಿ ಬುಶ್ ಒಳಗೆ ಸರಿದು ಲೋಹಕ್ಕೆ ಬಡಿಯುವುದು ಚೆನ್ನಾಗಿ ಕಾಣುತ್ತಿತ್ತು. ಬಲಗಡೆ ರಬ್ಬರ್ ಸ್ವಲ್ಪ ಬಾಗಿ ವಾಪಸ್ ಬರುತ್ತಿತ್ತು, ಅಷ್ಟೇ.

ಇಷ್ಟು ಹೊಸ ಆರ್ಮ್‌ನ ಬುಶ್ ಯಾಕೆ ಹರಿಯಿತು? ಇದಕ್ಕೆ ಉತ್ತರ ಬೋಲ್ಟ್ ಬಿಗಿ ಮಾಡಿದ ರೀತಿಯಲ್ಲಿತ್ತು. ಈ ಗಾಡಿಯ ಆರ್ಮ್ ಬುಶ್‌ನಲ್ಲಿ ರಬ್ಬರ್ ಒಳಗಿನ ಉಕ್ಕಿನ ಕೊಳವೆಗೆ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿ ಮಾಡಿದಾಗ ಆ ಕೊಳವೆ ಬ್ರಾಕೆಟ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಹೋದಾಗ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಆದ್ದರಿಂದ ಗಾಡಿ ಚಕ್ರಗಳ ಮೇಲೆ ನಿಂತು, ಆರ್ಮ್ ತನ್ನ ಸಹಜ ಮಟ್ಟಕ್ಕೆ ಬಂದ ಮೇಲೆಯೇ ಬೋಲ್ಟ್ ಕೊನೆಯ ಬಿಗಿ ಮಾಡಬೇಕು. ಚಕ್ರ ಗಾಳಿಯಲ್ಲಿ ಜೋತಾಡುವಾಗ ಬಿಗಿ ಮಾಡಿದರೆ, ಗಾಡಿ ಕೆಳಗಿಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ಕೂತಿರುತ್ತದೆ. ಹಳ್ಳಕ್ಕೆ ಬಿದ್ದಾಗ ಇನ್ನಷ್ಟು ತಿರುಚುತ್ತದೆ. ಕೆಲವೇ ತಿಂಗಳಲ್ಲಿ ಅಂಟು ಬಿಡುತ್ತದೆ. ಮಗಳು ಹೇಳಿದ "ಒಂದೆರಡು ತಿಂಗಳು ಬಿಟ್ಟು" ಅನ್ನುವುದಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಇದನ್ನು ಊಹೆಯಾಗಿ ಬಿಡಲಿಲ್ಲ. ಬಲಗಡೆಯ ಇನ್ನೂ ಹರಿಯದ ಬುಶ್ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಗಾಡಿ ನೆಲದ ಮೇಲಿರುವಾಗಲೇ ಬೋಲ್ಟ್ ಸಡಿಲಿಸಿದೆವು. ಒಳಗಿನ ಕೊಳವೆ ಟಣ್ ಅಂತ ತಿರುಗಿ ಬೇರೆ ಜಾಗಕ್ಕೆ ಹೋಯಿತು. ಅಷ್ಟು ದಿನ ಅದು ತಿರುಚಿಕೊಂಡೇ ಇತ್ತು ಅನ್ನುವುದಕ್ಕೆ ಬೇರೆ ಪುರಾವೆ ಬೇಡ.

ಮಾಡಿದ ಕೆಲಸ

ಬಾರ್ ವಿಷಯದಲ್ಲಿ ಮೂರು ದಾರಿ ಇದ್ದವು. ಬಾರ್‌ಗೆ ರಬ್ಬರ್ ಪಟ್ಟಿ ಸುತ್ತಿ ಬುಶ್ ಬಿಗಿ ಮಾಡುವುದು ಒಂದು. ಇದನ್ನು ಮಾಡುವವರಿದ್ದಾರೆ, ಸ್ವಲ್ಪ ದಿನ ಸದ್ದೂ ನಿಲ್ಲುತ್ತದೆ. ಆಮೇಲೆ ಪಟ್ಟಿ ಪುಡಿಯಾಗಿ ಮತ್ತೆ ಅದೇ ಕಥೆ. 22ರ ಸರಿಯಾದ ಬುಶ್ ಹಾಕುವುದು ಎರಡನೆಯದು. ಬಲಗಡೆಗೆ ಸಾಕಾಗಬಹುದಿತ್ತು, ಎಡಗಡೆ ಒಂದು ಮಿಲಿಮೀಟರಿಗೂ ಜಾಸ್ತಿ ಸಡಿಲ ಉಳಿಯುತ್ತಿತ್ತು. ಮೇಲಾಗಿ ಕುಳಿ ಬಿದ್ದ ಉಕ್ಕು ಹೊಸ ರಬ್ಬರನ್ನು ಉಜ್ಜುಕಾಗದದ ಕೆಲಸ ಮಾಡಿ ತಿಂದುಹಾಕುತ್ತದೆ. ಮೂರನೆಯದು ಬಾರ್ ಬದಲಾಯಿಸುವುದು. ಈ ಗಾಡಿಯಲ್ಲಿ ಅದಕ್ಕೆ ಸಬ್‌ಫ್ರೇಮ್ ಇಳಿಸಬೇಕು. ದೊಡ್ಡ ಕೆಲಸ.

ಮಾಲೀಕರು ಹಿಂದೆಮುಂದೆ ನೋಡಿದರು, ಸಹಜ. ಅವರನ್ನು ಒಪ್ಪಿಸಿದ್ದು ಎರಡನೆಯ ದೋಷ. ಆರ್ಮ್ ಬುಶ್ ಬದಲಾಯಿಸಲು ಹೇಗೂ ಎರಡೂ ಆರ್ಮ್ ಹೊರಗೆ ಬರಬೇಕು. ಅವು ಹೊರಗೆ ಬಂದ ಮೇಲೆ ಸಬ್‌ಫ್ರೇಮ್ ಇಳಿಸುವ ಕೆಲಸ ಅರ್ಧ ಆದ ಹಾಗೆ. ಒಂದೇ ಸಲಕ್ಕೆ ಎರಡನ್ನೂ ಮುಗಿಸುವುದು ಲಾಭ ಅಂತ ಅವರಿಗೂ ಅನ್ನಿಸಿತು.

ಬಾರ್ ಬಳಸಿದ್ದನ್ನೇ ತಂದೆವು, ಗುಜರಿಗೆ ಹೋದ ಅದೇ ವೇರಿಯಂಟಿನ ಕಾರಿನದು. ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಇಂಥವನ್ನು ನಾನು ಬಳಸಿದ್ದು ಹಾಕುವುದಿಲ್ಲ. ಬಾರ್ ಹಾಗಲ್ಲ, ಬುಶ್ ಕೂರುವ ಜಾಗ ಸವೆದಿರಬಾರದು, ಬಾಗಿರುವ ಕಡೆ ಬಿರುಕು ಇರಬಾರದು, ತುಕ್ಕು ಆಳಕ್ಕೆ ಇಳಿದಿರಬಾರದು. ವರ್ನಿಯರ್ ಹಿಡಿದುಕೊಂಡೇ ಹೋಗಿ, ಎರಡೂ ಕಡೆ 22 ಬಂದದ್ದನ್ನು ಆರಿಸಿದೆವು.

ಸಬ್‌ಫ್ರೇಮ್ ಬಾಡಿಗೆ ಕೂರುವ ಜಾಗವನ್ನು ಬಿಚ್ಚುವ ಮೊದಲೇ ಗುರುತು ಮಾಡಿದೆವು. ಸ್ಟಿಯರಿಂಗ್ ಕಂಬಿಯ ಜಾಯಿಂಟಿಗೂ ಗುರುತು ಹಾಕಿ, ಸ್ಟಿಯರಿಂಗ್ ತಿರುಗದ ಹಾಗೆ ಕಟ್ಟಿಟ್ಟೆವು. ಇದನ್ನು ಮರೆತರೆ ಕೊನೆಗೆ ಸ್ಟಿಯರಿಂಗ್ ಓರೆಯಾಗಿ ಕೂರುತ್ತದೆ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಸ್ಟಿಯರಿಂಗ್ ಹಿಂದಿನ ಸುರುಳಿ ತಂತಿ ತುಂಡಾಗುವ ಅಪಾಯವೂ ಇದೆ. ಆರ್ಮ್‌ಗಳ ಬಾಲ್ ಜಾಯಿಂಟ್ ಚೆನ್ನಾಗಿದ್ದದ್ದರಿಂದ ಆರ್ಮ್ ಇಡೀ ಬದಲಾಯಿಸಲಿಲ್ಲ. ಪ್ರೆಸ್‌ನಲ್ಲಿ ಹಿಂದಿನ ಬುಶ್ ಮಾತ್ರ ತೆಗೆದು ಹೊಸದು ಕೂರಿಸಿದೆವು. ಈ ಬುಶ್‌ನ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಖಾಲಿ ಜಾಗಗಳಿರುತ್ತವೆ. ಅವು ಯಾವ ದಿಕ್ಕಿಗೆ ಬರಬೇಕು ಅಂತ ಇರುತ್ತದೆ. ಹಳೆಯದನ್ನು ತೆಗೆಯುವ ಮೊದಲೇ ಆರ್ಮ್ ಮೇಲೆ ಗೆರೆ ಎಳೆದಿಟ್ಟುಕೊಂಡರೆ ಗೊಂದಲ ಇಲ್ಲ.

ಲಾಕ್ ನಟ್ಟುಗಳನ್ನೆಲ್ಲ ಹೊಸದು ಹಾಕಿದೆವು. ಆರ್ಮ್ ಬೋಲ್ಟ್‌ಗಳನ್ನು ಕೈಬಿಗಿ ಮಾತ್ರ ಮಾಡಿ, ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಮುಂಭಾಗ ಒತ್ತಿ ಬಿಟ್ಟು ಸಹಜ ಮಟ್ಟಕ್ಕೆ ತಂದು, ಆಮೇಲೆ ಮ್ಯಾನುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿದೆವು. ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟ್ ತನಕ ಬಣ್ಣದ ಗೆರೆ. ಮುಂದೆ ಯಾವುದಾದರೂ ಸಡಿಲವಾದರೆ ಗೆರೆ ಒಡೆದು ತೋರಿಸುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್. ಸಬ್‌ಫ್ರೇಮ್ ಇಳಿಸಿ ಏರಿಸಿದ ಗಾಡಿಗೆ ಇದನ್ನು ಬಿಡುವ ಹಾಗಿಲ್ಲ.

ಫಲಿತಾಂಶ

ಅದೇ ಹಳ್ಳಗಳ ಮೇಲೆ, ಅದೇ ವೇಗದಲ್ಲಿ, ಮೊದಲು ಮಾಡಿದ ಪರೀಕ್ಷೆಗಳನ್ನೆಲ್ಲ ಅದೇ ಕ್ರಮದಲ್ಲಿ ಮತ್ತೆ ಮಾಡಿದೆವು. ಸುಮ್ನೆ ಒಂದು ಸುತ್ತು ಹೊಡೆದು "ಸರಿ ಹೋಯ್ತು" ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಕಟಕ್ ಇಲ್ಲ, ಧಡ್ ಇಲ್ಲ. ಬಿರುಕು ಬಿಟ್ಟ ಎಡ ಮೌಂಟ್ ಹಾಗೇ ಇದೆ ಅನ್ನುವುದನ್ನು ಮಾಲೀಕರಿಗೆ ತೋರಿಸಿ, ಬರೆದೂ ಕೊಟ್ಟೆವು. ಬಿರುಕು ಮೇಲ್ಪದರದಲ್ಲಿತ್ತು, ಪ್ಲೇ ಇರಲಿಲ್ಲ. ಈಗ ಬೇಡ, ಮುಂದಿನ ಸಲ ನೋಡೋಣ ಅಂದರು. ಒಪ್ಪಬಹುದಾದ ತೀರ್ಮಾನ. ಸುಮಾರು 1,000 ಕಿಲೋಮೀಟರ್ ಓಡಿದ ಮೇಲೆ ಗಾಡಿ ತಪಾಸಣೆಗೆ ಬಂತು. ಬೋಲ್ಟ್‌ಗಳ ಗೆರೆ ಕದಲಿರಲಿಲ್ಲ, ಬುಶ್ ಪಕ್ಕದಲ್ಲಿ ಬಾರ್ ಎಳೆದರೆ ಅಲ್ಲಾಡಲಿಲ್ಲ.

ಆ ದಿನ ಮಾಲೀಕರು ಡಿಕ್ಕಿಯಿಂದ ಒಂದು ಚೀಲ ತೆಗೆದರು. ಮೊದಲ ಗ್ಯಾರೇಜಿನವರು ವಾಪಸ್ ಕೊಟ್ಟ ಹಳೆಯ ಲಿಂಕ್ ರಾಡ್‌ಗಳು. "ಇವನ್ನು ಸುಮ್ನೆ ಬದಲಾಯಿಸಿದರು ಅಲ್ವಾ? ದುಡ್ಡು ದಂಡ" ಅಂದರು. ಎಡಗಡೆಯದನ್ನು ಹಿಡಿದು ಅಲ್ಲಾಡಿಸಿದೆ. ಬಾಲ್ ಕಟಕಟ ಅಂದಿತು, ರಬ್ಬರ್ ಬೂಟ್ ಹರಿದು ಒಳಗೆ ಮಣ್ಣು ಸೇರಿತ್ತು. ಆ ಲಿಂಕ್ ನಿಜವಾಗಿಯೂ ಹೋಗಿತ್ತು. ಅರ್ಧ ಸದ್ದು ಅದರದ್ದೇ, ಅದಕ್ಕೇ ಅರ್ಧ ಕಡಿಮೆಯಾಗಿತ್ತು. ಮೊದಲ ಗ್ಯಾರೇಜಿನವರ ಕೆಲಸ ಸರಿಯಾಗಿಯೇ ಇತ್ತು. ಲಿಂಕ್ ಬಿಚ್ಚಿ ಕೈಯಲ್ಲಿದ್ದಾಗ ಪಕ್ಕದ ಬುಶ್ ಹತ್ತಿರ ಬಾರನ್ನೊಮ್ಮೆ ಎಳೆದು ನೋಡಿದ್ದರೆ ಉಳಿದರ್ಧವೂ ಅವತ್ತೇ ಅವರಿಗೆ ಸಿಗುತ್ತಿತ್ತು ಅಂತ ಮಾಲೀಕರಿಗೆ ಹೇಳಿದೆ.